ಗುಡುಗುಡಿಯ ಅಮಲು: ತತ್ವಪದ ಮತ್ತು ಬ್ಯಾಂಡ್ ಸಂಗೀತ

ಕಳೆದ ಶತಮಾನದ ಅರವತ್ತರ ದಶಕದ ಕೊನೆಯಲ್ಲಿ ಅಮೆರಿಕದ ಕಪ್ಪುಜನರ ‘ಸೋಲ್’ ಗಾಯನವು ಸೈಕೆಡೆಲಿಕ್ ರಾಕ್‌ನ ಅಮಲೇರಿಸುವ ನಾದದೊಂದಿಗೆ ಬೆರೆಯಿತು. ಅದೇ ಕಾಲಕ್ಕೆ, 1969ರಲ್ಲಿ, ಸಂತಾನಾ ತಂಡದ ಮೊದಲ ಧ್ವನಿಮುದ್ರಿಕೆ ಲ್ಯಾಟಿನ್ ತಾಳವಾದ್ಯಗಳನ್ನು ವಿದ್ಯುತ್ ಗಿಟಾರಿಗೆ ಬೆಸೆಯಿತು. ಇಂಥ ಬೆರಕೆಗೆ ಕನ್ನಡದಲ್ಲಿ ಹತ್ತಿರದ ನಿದರ್ಶನವೆಂದರೆ ‘ರಘು ದೀಕ್ಷಿತ್ ಪ್ರಾಜೆಕ್ಟ್’. ಜನಪದ, ರಾಕ್, ಸಿನಿಮಾ ಮೂರೂ ಅಲ್ಲಿ ಕೂಡುತ್ತವೆ. 2008ರಲ್ಲಿ ಬಂದ ಅದರ ಮೊದಲ ಧ್ವನಿಮುದ್ರಿಕೆಯಲ್ಲಿ ಶಿಶುನಾಳ ಶರೀಫರ (1819–1889) ‘ಗುಡುಗುಡಿಯ ಸೇದಿ ನೋಡೋ’ ಪದವಿದೆ. ಅದೇ ವರ್ಷ ರಘು ದೀಕ್ಷಿತ್ ಸಂಗೀತ ನೀಡಿದ ‘ಸೈಕೋ’ ಚಿತ್ರದಲ್ಲಿ ಮಹದೇಶ್ವರನಿಗಿಟ್ಟ ಮೊರೆ ಪ್ರೇಮಗೀತೆಯಾಗಿದೆ.

ಶರೀಫರಲ್ಲಿ ಅಮಲು ನಾದದ್ದಲ್ಲ, ರೂಪಕದ್ದು. ಮನಸ್ಸೇ ಸಂಚಿ, ಮೋಹವೇ ಗಾಂಜಾ, ಬುದ್ಧಿಯೇ ಬೆಂಕಿ. ಸುಟ್ಟು ಹೋಗಬೇಕಾದುದು ಮೋಹ. ಬ್ಯಾಂಡಿನಲ್ಲಿ ಗಿಟಾರು, ವಯೊಲಿನ್, ಡ್ರಮ್ಮುಗಳೊಡನೆ ಲಯ ಏರುತ್ತ ಹೋದಂತೆ ಕೇಳುಗನಿಗೆ ದಕ್ಕುವುದು ಬಹುಮಟ್ಟಿಗೆ ಪಲ್ಲವಿ ಮಾತ್ರ. ಸೇದುವ ಕರೆ ಉಳಿಯುತ್ತದೆ, ಸುಡುವ ಮಾತು ಹಿಂದೆ ಸರಿಯುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಭಜನೆಯ ರೀತಿ ಬೇರೆ. ಏಕತಾರಿ, ದಮ್ಮಡಿ, ತಾಳಗಳೊಡನೆ ಒಬ್ಬರು ನುಡಿ ಎತ್ತಿಕೊಟ್ಟರೆ ಮೇಳ ಪಲ್ಲವಿಯನ್ನು ಹಿಡಿಯುತ್ತದೆ. ಮೇಳಕ್ಕೆ ಪಲ್ಲವಿಯೆಂದರೆ ಮುಂದಿನ ನುಡಿಗೆ ಹತ್ತುವ ಮೆಟ್ಟಿಲು. ಒಗಟಿನಂಥ ಪದದ ಅರ್ಥ ಬಿಡಿಸುವುದೂ ಹಾಡಿಕೆಯ ಭಾಗವೇ. ಲಾಡ್ಲೆ ಮಶಾಕರ ದರ್ಗಾದ ಆಳಂದ, ದತ್ತಾತ್ರೇಯನ ಗಾಣಗಾಪುರವುಳ್ಳ ಅಫಜಲಪುರಗಳಲ್ಲಿ ಬೆರಕೆಯೆಂಬುದು ಹೊಸ ಪ್ರಯೋಗವಲ್ಲ, ಬದುಕಿನ ಕ್ರಮ. ಮೊದಲು ಜೇವರ್ಗಿಯಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿರುವ ಕಡಕೋಳದ ಮಡಿವಾಳಪ್ಪನವರ ಶಿಷ್ಯಪರಂಪರೆಯಲ್ಲಿ ಚೆನ್ನೂರಿನ ಜಲಾಲಸಾಹೇಬರೂ ಇದ್ದಾರೆ. ಇಲ್ಲಿ ಮೊದಲು ಬೆರೆತದ್ದು ಅನುಭಾವ. ರಾಗ, ವಾದ್ಯಗಳು ಅದರ ಹಿಂದೆ ಬಂದವು.

ಆದ್ದರಿಂದ ಆಕ್ಷೇಪ ಗಿಟಾರಿನ ಮೇಲಲ್ಲ. (ಇಂದು ಭಜನೆಗೆ ಅನಿವಾರ್ಯವೆನಿಸಿರುವ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದೇ.) 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಸಿ. ಅಶ್ವತ್ಥ್ ಅವರೂ ದೊಡ್ಡ ವಾದ್ಯವೃಂದವನ್ನೇ ಬಳಸಿದರು. ಆದರೆ ಅಲ್ಲಿ ಕಥೆಯ ಸಂದರ್ಭವೇ ವ್ಯಾಖ್ಯಾನದ ಕೆಲಸ ಮಾಡಿತು. ಬ್ಯಾಂಡಿನ ವೇದಿಕೆಗೆ ಆ ಆಸರೆಯಿಲ್ಲ. ಕನ್ನಡ ಬಾರದ ಸಭೆಗೂ ಶರೀಫರ ಪದವನ್ನು ಮುಟ್ಟಿಸಿದ್ದು ರಘು ದೀಕ್ಷಿತ್ ತಂಡದ ನಿಜವಾದ ಸಾಧನೆ. ಅರ್ಥ ಬಲ್ಲ ಕನ್ನಡ ಸಭೆಯ ಮುಂದೆಯೂ ಅದೇ ವೇಗದಲ್ಲಿ ಹಾಡಿದಾಗ ಮಾತ್ರ ಪದ ಸೊರಗುತ್ತದೆ. ಮಡಿವಾಳಪ್ಪನವರ ಪದಗಳನ್ನು ಎತ್ತಿಕೊಳ್ಳುವ ತಂಡಗಳಿಗೆ ಈ ತೊಡಕು ಇನ್ನೂ ಹೆಚ್ಚು: ಅಲ್ಲಿ ತಿರುಳು ಪಲ್ಲವಿಯಲ್ಲಿರುವುದು ವಿರಳ, ನುಡಿಗಳನ್ನು ಬಿಟ್ಟರೆ ಉಳಿಯುವುದು ಧಾಟಿಯಷ್ಟೆ.