ಒಳಲೆಯಿಂದ ಹೆಲ್ಮೆಟ್‌ವರೆಗೆ

ಮೂರು ವರ್ಷದೊಳಗಿನ ಮಗುವಿರುವ ಮನೆಗೆ ಬೇಕಾಗುವ ಸಲಕರಣೆಗಳೆಲ್ಲ ಕೆಲವೇ ಕೆಲಸಗಳಿಗೆ ಒದಗುವಂಥವು: ಉಣಿಸುವುದು, ಔಷಧ ಕುಡಿಸುವುದು, ಮಲಗಿಸುವುದು, ಒದ್ದೆ ಬಟ್ಟೆ ಬದಲಿಸುವುದು, ಆಡಿಸುವುದು, ಹೊರಗೆ ಕರೆದೊಯ್ಯುವುದು. ಈ ಕೆಲಸಗಳ ಹೆಸರಿನಲ್ಲಿ ಅಂಗಡಿಗಳು ಮಾರುವ ಸಾಮಾನು ನೂರಾರು. ಅವುಗಳ ಬೆಲೆಗೂ ಉಪಯೋಗಕ್ಕೂ ನಂಟು ತೀರ ಕಡಿಮೆ. ಔಷಧದಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಸೂಜಿಯಿಲ್ಲದ ಸಿರಿಂಜು ಮಗುವನ್ನು ಅಪಾಯದಿಂದ ಕಾಯುತ್ತದೆ. ಗೊಂಬೆ, ಸಂಗೀತ, ದೀಪಗಳಿರುವ ದುಬಾರಿ ವಾಕರ್ ಅಪಾಯವನ್ನೇ ಮನೆಯೊಳಕ್ಕೆ ತರುತ್ತದೆ. ಕೊಳ್ಳುವ ಮುನ್ನ ಎರಡು ಪ್ರಶ್ನೆ ಕೇಳಿಕೊಂಡರೆ ಅರ್ಧ ಗೊಂದಲ ತೀರುತ್ತದೆ. ಇದನ್ನು ಮೂಲೆಮೂಲೆಯೂ ಸಿಗುವಂತೆ ತೊಳೆಯಬಹುದೇ? ಮಗು ತನ್ನ ಮೈಯನ್ನು ತಾನೇ ಆಡಿಸಿಕೊಳ್ಳಲು ಇದು ಬಿಡುತ್ತದೆಯೇ? ವಾಹನದ ವಿಷಯದಲ್ಲಿ ಮಾತ್ರ ಎರಡನೆಯ ಪ್ರಶ್ನೆ ತಿರುವುಮುರುವಾಗುತ್ತದೆ. ಅಲ್ಲಿ ಮಗುವನ್ನು ಬಿಗಿಯಾಗಿ ಹಿಡಿದಿಡುವುದೇ ಸಲಕರಣೆಯ ಕೆಲಸ.

ಉಣಿಸುವ ಸಾಧನಗಳಲ್ಲಿ ಮೊದಲ ಸ್ಥಾನ ಒಳಲೆಗೆ ಸಲ್ಲಬೇಕು. ಒಂದು ಬದಿಗೆ ಮೂತಿ ಎಳೆದ ಪುಟ್ಟ ಬಟ್ಟಲು ಅದು. ಹಿಂದೆ ಬೆಳ್ಳಿಯಲ್ಲೋ ಹಿತ್ತಾಳೆಯಲ್ಲೋ ಮಾಡುತ್ತಿದ್ದರು, ಈಗ ಸ್ಟೀಲಿನದು ಸಲೀಸಾಗಿ ಸಿಗುತ್ತದೆ. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೊಲೆ ಚೀಪಲು ಶಕ್ತಿ ಸಾಲದ ಕಡಿಮೆ ತೂಕದ ಶಿಶುಗಳಿಗೆ, ತಾಯಿ ಕೆಲಸಕ್ಕೆ ಹೋದಾಗ ಹಿಂಡಿಟ್ಟ ಹಾಲು ಕುಡಿಯಬೇಕಾದ ಮಕ್ಕಳಿಗೆ ಒಳಲೆ ನೆರವಾಗುತ್ತದೆ. ದಕ್ಷಿಣ ಭಾರತದ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ದಾದಿಯರು ಇದನ್ನೇ ಪಾಲಡೈ ಎಂದು ಕರೆದು ದಿನವೂ ಬಳಸುತ್ತಾರೆ. ಇದರ ದೊಡ್ಡ ಗುಣ ಶುಚಿ. ಹಾಲಿನ ಬಾಟಲಿಗೆ ನಿಪ್ಪಲ್ ಇದೆ, ಮುಚ್ಚಳದ ತಿರುಪು ಗೆರೆಗಳಿವೆ, ಬ್ರಷ್ ಹೋಗದ ಸಂದುಗಳಿವೆ. ಅಲ್ಲಿ ಉಳಿದ ಹಾಲಿನಲ್ಲಿ ಬೆಳೆಯುವ ರೋಗಾಣುಗಳೇ ಮಗುವಿನ ಭೇದಿಗೆ ಕಾರಣವಾಗುತ್ತವೆ. ಒಳಲೆಗೆ ಅಂಥ ಸಂದುಗಳಿಲ್ಲ; ಸೋಪು ಹಾಕಿ ತೊಳೆದು, ನೀರಿನಲ್ಲಿ ಕುದಿಸಿದರೆ ಮುಗಿಯಿತು. ಹಾಲಿನ ಪುಡಿ ಹಾಗೂ ಬಾಟಲಿಗಳನ್ನು ಜಾಹೀರಾತು ಮಾಡುವುದನ್ನು ಭಾರತದಲ್ಲಿ 1992ರ ಕಾಯಿದೆಯೇ ನಿಷೇಧಿಸಿದೆ. 2003ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಬಾಟಲಿ ಎಷ್ಟು ಸಾಮಾನ್ಯವಾಗಿ ಕಂಡರೂ ಕಾನೂನು ಅದನ್ನು ಸಾಧಾರಣ ಸರಕೆಂದು ಎಣಿಸಿಲ್ಲ.

ಒಳಲೆ ಒಳ್ಳೆಯದೆಂದ ಮಾತ್ರಕ್ಕೆ ಅದನ್ನು ಹಳೆಯ ರೀತಿಯಲ್ಲೇ ಬಳಸಬೇಕೆಂದಿಲ್ಲ. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಕೈ ಅದುಮಿ ಹಿಡಿದು, ಅಳುತ್ತಿರುವ ಬಾಯಿಗೆ ಹಾಲನ್ನೋ ಹರಳೆಣ್ಣೆಯನ್ನೋ ಸುರಿಯುವ ಪದ್ಧತಿ ಹಲವು ಮನೆಗಳಲ್ಲಿತ್ತು. ಹಾಗೆ ಸುರಿದದ್ದು ಶ್ವಾಸನಾಳಕ್ಕೆ ಇಳಿಯಬಹುದು. ಎಣ್ಣೆ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ಕಟ್ಟಿಟ್ಟ ಬುತ್ತಿ. ಮಗುವಿನ ತಲೆ ಎತ್ತರದಲ್ಲಿರುವಂತೆ ತೊಡೆಯ ಮೇಲೆ ಕೂರಿಸಿ, ಒಳಲೆಯ ಮೂತಿಯನ್ನು ಬಾಯಿಯ ಅಂಚಿಗೆ ತಾಗಿಸಿ, ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು ಎಂಬಂತೆ ಬಗ್ಗಿಸಬೇಕು. ಎಷ್ಟು, ಯಾವಾಗ ಎಂಬುದನ್ನು ನಿರ್ಧರಿಸುವುದು ಮಗುವೇ.

ಆರು ತಿಂಗಳಾದ ಮೇಲೆ ರಾಗಿ ಸರಿ ಶುರುವಾಗುತ್ತದೆ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಹಿಟ್ಟನ್ನು ಸೋಸಲು ತೆಳುವಾದ ಬಿಳಿ ಪಂಚೆಯ ತುಂಡು, ಗಂಟಾಗದಂತೆ ಕಲಕಲು ಮರದ ಸೌಟು, ದಪ್ಪ ತಳದ ಸಣ್ಣ ಪಾತ್ರೆ ಇಷ್ಟಿದ್ದರೆ ಸಾಕು. ಮಕ್ಕಳ ಊಟಕ್ಕೆಂದೇ ಮಾರುವ ಪ್ರತ್ಯೇಕ ಮಿಕ್ಸಿ ಬೇಡದ ಖರ್ಚು. ಎಲ್ಲವನ್ನೂ ನುಣ್ಣಗೆ ಅರೆದೇ ಕೊಟ್ಟರೆ ಮಗು ಅಗಿಯುವುದನ್ನು ಕಲಿಯುವುದು ತಡವಾಗುತ್ತದೆ. ಎಂಟೊಂಬತ್ತು ತಿಂಗಳ ಹೊತ್ತಿಗೆ ಅನ್ನ–ಬೇಳೆಯನ್ನು ಬೆರಳಲ್ಲೇ ಕಿವುಚಿ, ಸ್ವಲ್ಪ ತರಿ ಉಳಿಸಿ ಕೊಡುವುದು ಲೇಸು.

ಔಷಧದ ಸಲಕರಣೆಗಳ ಬಗ್ಗೆ ಕೊಂಚ ವಿವರವಾಗಿಯೇ ಹೇಳಬೇಕು, ಏಕೆಂದರೆ ಮನೆಗಳಲ್ಲಿ ಅತಿ ಹೆಚ್ಚು ಅಸಡ್ಡೆ ಇರುವುದು ಇಲ್ಲೇ. ಅಡುಗೆಮನೆಯ ಚಮಚಗಳು ಒಂದೊಂದು ಒಂದೊಂದು ಗಾತ್ರ. ‘ಒಂದು ಚಮಚ’ ಎಂದರೆ 5 ಮಿಲಿ ಎಂದು ವೈದ್ಯರು ಭಾವಿಸಿರುತ್ತಾರೆ. ಮನೆಯ ಚಮಚ 3 ಮಿಲಿಯೂ ಹಿಡಿಯಬಹುದು, 7 ಮಿಲಿಯೂ ಹಿಡಿಯಬಹುದು. ಬಾಯಿಗೆ ಔಷಧ ಹಾಕುವ, ಮಿಲಿ ಗೆರೆಗಳಿರುವ ಸಿರಿಂಜೇ ಸರಿಯಾದ ಸಾಧನ. ಅದರ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪಸ್ವಲ್ಪವೇ ಒತ್ತಬೇಕು. ತುದಿಗೆ ಪುಟ್ಟ ಮುಚ್ಚಳವಿದ್ದರೆ ಮೊದಲೇ ತೆಗೆದು ಎಸೆಯಬೇಕು, ಅದು ಗಂಟಲಿಗೆ ಸಿಕ್ಕಿಕೊಳ್ಳುವಷ್ಟೇ ಗಾತ್ರದ್ದು.

ಅಳತೆ ಏಕೆ ಮುಖ್ಯ ಎಂಬುದಕ್ಕೆ ಜ್ವರದ ಔಷಧ ಪ್ಯಾರಾಸಿಟಮಾಲ್ ಒಂದೇ ಸಾಕ್ಷಿ. ಹಸುಗೂಸುಗಳಿಗೆಂದು ಬರುವ ಡ್ರಾಪ್ಸ್‌ನ 1 ಮಿಲಿಯಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಔಷಧವಿರುತ್ತದೆ. ಸಿರಪ್ಪಿನ 5 ಮಿಲಿಯಲ್ಲಿ 125 ಅಥವಾ 250 ಮಿಲಿಗ್ರಾಂ ಇರುತ್ತದೆ. ಅಂದರೆ 125ರ ಸಿರಪ್ಪಿಗಿಂತ ಡ್ರಾಪ್ಸ್ ನಾಲ್ಕು ಪಟ್ಟು ಗಟ್ಟಿ. ಡ್ರಾಪ್ಸ್ ಮುಗಿದು ಸಿರಪ್ ತಂದವರು ಅಷ್ಟೇ ಮಿಲಿ ಕೊಟ್ಟರೆ ಜ್ವರ ಇಳಿಯುವುದಿಲ್ಲ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಮಗುವಿನ ಯಕೃತ್ತಿಗೆ ಪೆಟ್ಟು. ಔಷಧದ ಪ್ರಮಾಣ ಗೊತ್ತಾಗುವುದು ವಯಸ್ಸಿನಿಂದಲ್ಲ, ತೂಕದಿಂದ. ಆದ್ದರಿಂದ ಮಗುವಿನ ಈಗಿನ ತೂಕವನ್ನೂ ವೈದ್ಯರು ಹೇಳಿದ ಮಿಲಿಗ್ರಾಂ ಲೆಕ್ಕವನ್ನೂ ಒಂದು ಚೀಟಿಯಲ್ಲಿ ಬರೆದು ಔಷಧದ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಟ್ಟರೆ, ನಡುರಾತ್ರಿ ಯಾರು ಎದ್ದರೂ ತಪ್ಪಾಗದು.

ಅದೇ ಡಬ್ಬಿಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇರಬೇಕು. ಅಂಗೈಯಿಂದ ಹಣೆ ಮುಟ್ಟಿ ಜ್ವರ ಅಳೆಯುವುದು ನಂಬತಕ್ಕದ್ದಲ್ಲ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಮನೆಮದ್ದಿಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಆ ಒಂದು ಸಂಖ್ಯೆಗಾಗಿಯೇ ಥರ್ಮಾಮೀಟರ್ ಮನೆಯಲ್ಲಿರಬೇಕು. ಮೂಗು ಕಟ್ಟಿದಾಗ ಬಿಡಲು ಉಪ್ಪುನೀರಿನ ಮೂಗಿನ ಹನಿ, ಜೊತೆಗೆ ಓಆರ್‌ಎಸ್ ಪುಡಿ ಮತ್ತು ಕರಾರುವಾಕ್ಕಾಗಿ ಒಂದು ಲೀಟರ್ ತೋರಿಸುವ ಪಾತ್ರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ ಇರುತ್ತದೆ: ಗ್ಲೂಕೋಸ್ 13.5, ಉಪ್ಪು 2.6, ಸೋಡಿಯಂ ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ. ಅದು ಪೂರ್ತಿ ಒಂದು ಲೀಟರ್ ನೀರಿಗೆ. ಲೋಟದ ಅಂದಾಜಿನಲ್ಲಿ ಕಲಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೇಡು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಯಂತೆ ಗುಟುಕರಿಸಲು ಮತ್ತೆ ಒಳಲೆಯೇ ಅನುಕೂಲ. ಸಕ್ಕರೆ ತುಂಬಿದ ಹಣ್ಣಿನ ರುಚಿಯ ಪೇಯಗಳೂ ಓಆರ್‌ಎಸ್ ಹೆಸರು ಹಚ್ಚಿಕೊಂಡು ಬಹುಕಾಲ ಮಾರಾಟವಾದವು. ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಅದಕ್ಕೆ ತಡೆ ಹಾಕಿದ್ದು ಸ್ವಾಗತಾರ್ಹ. ಪೊಟ್ಟಣದ ಮೇಲಿನ ಸೂತ್ರವನ್ನು ಓದಿ ಕೊಳ್ಳುವ ಅಭ್ಯಾಸ ಮಾತ್ರ ಬಿಡಬಾರದು.

ಮಲಗಿಸುವ ಸಾಧನವೆಂದರೆ ಕನ್ನಡನಾಡಿನಲ್ಲಿ ತೊಟ್ಟಿಲು. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳು ತೇಗದ ಮರದ ಮೇಲೆ ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರಗಳನ್ನು ಹೊತ್ತವು. ಮರಗೆಲಸ, ಚಿತ್ರಗಾರಿಕೆ ಎರಡರಲ್ಲೂ ಅವುಗಳಿಗೆ ಸಾಟಿಯಿಲ್ಲ. ಒಂದೇ ತೊಟ್ಟಿಲು ತಲೆಮಾರುಗಳ ಮಕ್ಕಳನ್ನು ತೂಗುತ್ತದೆ. ಅಂಥ ವಸ್ತುವನ್ನು ಅಟ್ಟದಿಂದ ಇಳಿಸಿದಾಗ ನೋಡಬೇಕಾದ್ದು ಚಿತ್ರವನ್ನಷ್ಟೇ ಅಲ್ಲ. ಸರಪಳಿಯ ಕೊಂಡಿ ಸವೆದಿದೆಯೇ, ಕಟ್ಟುವ ತೊಲೆ ಗಟ್ಟಿಯಿದೆಯೇ, ಬಣ್ಣ ಸಿಪ್ಪೆ ಏಳುತ್ತಿದೆಯೇ, ಪಟ್ಟಿಗಳ ನಡುವಿನ ಸಂದು 6 ಸೆಂಟಿಮೀಟರ್‌ಗಿಂತ ಅಗಲವಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ತಳ ಸಮತಟ್ಟಾಗಿ, ಹಾಸಿಗೆ ಗಡುಸಾಗಿ ಇರಬೇಕು. ಕೂಸನ್ನು ಅಂಗಾತ ಮಲಗಿಸಬೇಕು. ಸಾಸಿವೆಯ ದಿಂಬು, ಸುತ್ತಲ ಮೆತ್ತೆ, ಗೊಂಬೆ, ದಪ್ಪ ಕಂಬಳಿ ಯಾವುದೂ ಒಳಗೆ ಬೇಡ. ಮುಖಕ್ಕೆ ಒತ್ತಿಕೊಂಡರೆ ಅವನ್ನು ಸರಿಸುವ ತ್ರಾಣ ಕೂಸಿಗಿಲ್ಲ. ಅಮೆರಿಕ 2022ರಲ್ಲಿ ಕಾನೂನು ಮಾಡಿ, 10 ಡಿಗ್ರಿಗಿಂತ ಹೆಚ್ಚು ಓರೆಯಾದ ಮಲಗುವ ಆಸನಗಳನ್ನೂ ಮಂಚದ ಸುತ್ತ ಕಟ್ಟುವ ಮೆತ್ತೆಗಳನ್ನೂ ನಿಷೇಧಿಸಿದ್ದು ಇದೇ ಕಾರಣಕ್ಕೆ. ಸೀರೆಯ ಜೋಲಿಯಲ್ಲಿ ಮಗುವಿನ ಬೆನ್ನು ಬಾಗಿ ಗಲ್ಲ ಎದೆಗೆ ತಾಗುತ್ತದೆ, ಉಸಿರಿಗೆ ತಡೆಯಾಗುತ್ತದೆ. ಜೋಲಿಯಲ್ಲಿ ತೂಗಲೇಬೇಕಾದಾಗ ಬಟ್ಟೆ ಮುಚ್ಚಿಕೊಳ್ಳದಂತೆ ಮೇಲೆ ಅಡ್ಡಕೋಲು ಸಿಕ್ಕಿಸಿ, ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು, ನಿದ್ದೆ ಹತ್ತಿದೊಡನೆ ಸಮತಟ್ಟಾದ ಹಾಸಿಗೆಗೆ ಬದಲಿಸಬೇಕು. ಮಗು ಕೈಯೂರಿ ಏಳಲು ಹೊರಟ ದಿನವೇ ತೊಟ್ಟಿಲಿನ ಕಾಲ ಮುಗಿಯಿತು.

ಸೊಳ್ಳೆಗೆ ಪರದೆಯಷ್ಟು ಒಳ್ಳೆಯ ಉಪಾಯ ಬೇರೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಕಾಯಿಲ್ ಉರಿಸಿದರೆ ಆ ಹೊಗೆ ಕುಡಿಯುವುದು ಮಗುವೇ.

ಲಂಗೋಟಿ–ಡೈಪರ್ ವಾದದಲ್ಲಿ ಒಂದು ಪಕ್ಷ ಹಿಡಿಯಬೇಕಾಗಿಲ್ಲ. ಹಗಲು ಮನೆಯಲ್ಲಿರುವಾಗ ಹಳೆಯ ಹತ್ತಿ ಸೀರೆಯ ಬಟ್ಟೆ, ರಾತ್ರಿಗೂ ಪ್ರಯಾಣಕ್ಕೂ ಡೈಪರ್ ಎಂಬ ಹೊಂದಾಣಿಕೆ ಚರ್ಮಕ್ಕೂ ನಿದ್ದೆಗೂ ಒಳ್ಳೆಯದು. ಬಳಸಿದ ಡೈಪರನ್ನು ಹಸಿ ಕಸದಲ್ಲಿ ಹಾಕುವಂತಿಲ್ಲ. ಬೆಂಗಳೂರಿನಲ್ಲಿ ಮಾಡುವಂತೆ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಬೇಕು. ಅದನ್ನು ಬರಿಗೈಯಲ್ಲಿ ವಿಂಗಡಿಸುವ ಪೌರಕಾರ್ಮಿಕರೂ ಮಕ್ಕಳೊಂದಿಗರೇ.

ನಡಿಗೆ ಕಲಿಸುವ ಹೆಸರಿನಲ್ಲಿ ಮಾರಾಟವಾಗುವ, ಮಗುವನ್ನು ನಡುವೆ ಕೂರಿಸುವ ಚಕ್ರದ ವಾಕರ್ ಕೊಳ್ಳಲೇಬಾರದ ವಸ್ತು. ಕೆನಡಾ 2004ರಲ್ಲಿ ಅದರ ಮಾರಾಟ, ಆಮದು, ಜಾಹೀರಾತು ಮೂರನ್ನೂ ನಿಷೇಧಿಸಿತು. ಅಮೆರಿಕದಲ್ಲಿ 1990ರಿಂದ 2014ರವರೆಗೆ 15 ತಿಂಗಳೊಳಗಿನ 2,30,000ಕ್ಕೂ ಹೆಚ್ಚು ಮಕ್ಕಳು ವಾಕರ್‌ನಿಂದ ಗಾಯಗೊಂಡು ತುರ್ತು ಚಿಕಿತ್ಸೆ ಪಡೆದರೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕಹಾಕಿದೆ. ಹೆಚ್ಚಿನವು ಮೆಟ್ಟಿಲಿನಿಂದ ಉರುಳಿ ತಲೆಗೆ ಬಿದ್ದ ಪೆಟ್ಟುಗಳು. ಇಷ್ಟಾಗಿಯೂ ಅದು ನಡಿಗೆಯನ್ನು ಕಲಿಸುವುದಿಲ್ಲ. ತನ್ನ ಭಾರವನ್ನು ತಾನು ಹೊರದೆ ತುದಿಗಾಲಲ್ಲಿ ತಳ್ಳಿಕೊಂಡು ಹೋಗುವುದನ್ನಷ್ಟೇ ಕಲಿಸುತ್ತದೆ. ಜಾತ್ರೆಗಳಲ್ಲಿ ಸಿಗುವ ಮೂರು ಚಕ್ರದ ಮರದ ತಳ್ಳುಗಾಡಿ ಇದಕ್ಕಿಂತ ಎಷ್ಟೋ ಮೇಲು. ಅದನ್ನು ಹಿಡಿದ ಮಗು ತನ್ನ ಕಾಲ ಮೇಲೆ ತಾನು ನಿಂತಿರುತ್ತದೆ.

ಆಟಿಕೆಗೆ ಐಎಸ್‌ಐ ಗುರುತು 2021ರ ಜನವರಿಯಿಂದ ಕಡ್ಡಾಯ. ಭೌಗೋಳಿಕ ಮಾನ್ಯತೆ ಪಡೆದ ಚನ್ನಪಟ್ಟಣದ ಬೊಂಬೆಗಳಂಥ ಕರಕುಶಲ ವಸ್ತುಗಳಿಗೆ ಇದರಿಂದ ವಿನಾಯಿತಿ ಇದೆ. ಹಗುರವಾದ ಹಾಲೆ ಮರವನ್ನು ಕಡೆದು, ತಿರುಗುವಾಗಲೇ ಅರಗು ಒತ್ತಿ ಬಣ್ಣ ಕೂರಿಸಿದ ಚನ್ನಪಟ್ಟಣದ ಗಿಲಕಿ ಹಲ್ಲು ಬರುವ ಮಗು ಕಚ್ಚಲೂ ತಕ್ಕದ್ದು. ಬೆಳಕು–ಸದ್ದಿನ ಆಟಿಕೆಗಳಲ್ಲಿ ಬಟನ್ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಮನೆಗೆ ತರಬಾರದು. ನುಂಗಿದ ಬ್ಯಾಟರಿ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು.

ಹೊರಗೆ ಹೋಗಲು ಸ್ಟ್ರಾಲರ್‌ಗಿಂತ ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಕ್ಯಾರಿಯರ್ ನಮ್ಮ ಊರುಗಳಿಗೆ ಹೆಚ್ಚು ಹೊಂದುತ್ತದೆ. ಕಲ್ಲು ಕಿತ್ತ ಫುಟ್‌ಪಾತಿನಲ್ಲಿ ಸಣ್ಣ ಚಕ್ರಗಳು ಓಡುವುದಿಲ್ಲ. ಕ್ಯಾರಿಯರ್‌ನಲ್ಲಿ ಮಗುವಿನ ಮಂಡಿ ಕುಂಡೆಗಿಂತ ಮೇಲಿರಬೇಕು, ಮುಖ ಸದಾ ಕಾಣುತ್ತಿರಬೇಕು.

ಹಣ ಉಳಿಸದೆ ಕೊಳ್ಳಬೇಕಾದ್ದು ಒಂದೇ, ಕಾರಿನ ಮಕ್ಕಳ ಸೀಟು. 50 ಕಿ.ಮೀ. ವೇಗದ ಕಾರು ಢಿಕ್ಕಿ ಹೊಡೆದು ಅರ್ಧ ಮೀಟರಿನಲ್ಲಿ ನಿಂತರೆ, 10 ಕೆ.ಜಿ. ಮಗುವನ್ನು ಹಿಡಿದಿಡಲು ಸುಮಾರು 200 ಕೆ.ಜಿ. ಎತ್ತುವಷ್ಟು ಬಲ ಬೇಕು. ಅಷ್ಟು ಬಲ ಯಾವ ತಾಯಿಯ ತೋಳಿನಲ್ಲೂ ಇಲ್ಲ. ಎಳೆಯ ಮಗುವಿನ ತಲೆ ಭಾರ, ಕತ್ತು ಮೆದು. ಹಾಗಾಗಿ ಸೀಟು ಹಿಂದಕ್ಕೆ ಮುಖ ಮಾಡಿರಬೇಕು. ಯುರೋಪಿನ ಆರ್129 ಮಾನದಂಡ ಕನಿಷ್ಠ 15 ತಿಂಗಳವರೆಗೆ ಇದನ್ನು ವಿಧಿಸುತ್ತದೆ, ಇನ್ನೂ ಹೆಚ್ಚು ಕಾಲ ಹಾಗೆಯೇ ಕೂರಿಸಿದರೆ ಒಳಿತು. ಏರ್‌ಬ್ಯಾಗ್ ಇರುವ ಮುಂದಿನ ಆಸನದಲ್ಲಿ ಅದನ್ನು ಎಂದಿಗೂ ಇಡಬಾರದು. ಹಳೆಯ ಸೀಟನ್ನು ಕೊಳ್ಳುವುದಾದರೆ ಅದು ಅಪಘಾತ ಕಂಡಿಲ್ಲವೆಂಬ ಖಾತರಿ ಬೇಕು. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಇಂಥ ಸೀಟು ಕಡ್ಡಾಯವೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ಹೇಳುತ್ತದೆ. ತಪ್ಪಿದರೆ 1,000 ರೂಪಾಯಿ ದಂಡ.

ಆದರೆ ಹೆಚ್ಚಿನ ಮಕ್ಕಳು ಓಡಾಡುವುದು ಸ್ಕೂಟರಿನಲ್ಲಿ. 2022ರಲ್ಲಿ ಹೊರಟು 2023ರ ಫೆಬ್ರುವರಿಯಿಂದ ಜಾರಿಯಾದ ಕೇಂದ್ರದ ನಿಯಮದಂತೆ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರರ ಮೈಗೆ ಬಿಗಿಯುವ ಸುರಕ್ಷತಾ ಪಟ್ಟಿ ಇರಬೇಕು, ಅದು 30 ಕೆ.ಜಿ. ತಡೆಯುವಂತಿರಬೇಕು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಅದರ ತಲೆಗೆ ಹೊಂದುವ ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ಮೀರಬಾರದು. ಈ ಪಟ್ಟಿಯೂ ಹೆಲ್ಮೆಟ್ಟೂ ಸೇರಿ ತಗಲುವ ವೆಚ್ಚ ಒಂದು ನಾಮಕರಣದ ಖರ್ಚಿನ ಸಣ್ಣ ಪಾಲು. ಮಗುವಿಗೆ ಉಡುಗೊರೆ ಕೊಡಬೇಕೆನ್ನುವ ಅಜ್ಜ–ಅಜ್ಜಿ, ಸೋದರಮಾವಂದಿರು ಇವೆರಡನ್ನು ಕೊಡಿಸಲಿ. ಒಂಬತ್ತು ತಿಂಗಳು ತುಂಬದ ಕೂಸನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯದಿರುವುದೇ ಸರಿ.