ಪ್ರಸಂಗದ ಹದ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲಿ ಪ್ರಸಂಗ ಮಾಡುವ ಪಾಸ್ಟರಿಗೆ ಕೇಳುಗರನ್ನು ಗೆಲ್ಲುವುದು ಸುಲಭವಲ್ಲ. ಇದು ಕಂಸಾಳೆಯವರ, ನೀಲಗಾರರ ಸೀಮೆ; ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳನ್ನು ಇರುಳಿಡೀ ಕೇಳಿ ಪಳಗಿದ ಕಿವಿಗಳು ಇಲ್ಲಿನವು. ಪುಸ್ತಕದ ಕನ್ನಡ ನಾಟುವುದಿಲ್ಲ. ಅರಿಸಿನ, ಈರುಳ್ಳಿ, ಚೆಂಡುಹೂ ಬೆಳೆಯುವವರ ಮುಂದೆ ಬೈಬಲಿನ ಬಿತ್ತುವವನ ಸಾಮ್ಯ ಹೇಳುವಾಗ ಮಳೆ ಕೈಕೊಟ್ಟ ವರ್ಷದ ಹೊಲ ಬೋಧಕನ ಕಣ್ಣಲ್ಲಿರಬೇಕು. ಕಲ್ಲುನೆಲಕ್ಕೆ ಬಿದ್ದ ಬೀಜ ಏಕೆ ಒಣಗಿತೆಂದು ಅವರಿಗೆ ವಿವರಿಸಬೇಕಿಲ್ಲ. ಹೇಳಿ, ಒಂದು ಗಳಿಗೆ ಸುಮ್ಮನಿದ್ದರೆ ಸಾಕು. ಎಲ್ಲಿ ನಿಲ್ಲಿಸಬೇಕೆಂದು ಬಲ್ಲ ಬೋಧಕರ ಮೇಲೆ ನನಗೆ ಅಪಾರ ಗೌರವ.

ಈ ವಿದ್ಯೆಗೆ ಕನ್ನಡದಲ್ಲಿ ಹಳೆಯ ಬೇರಿದೆ. ಮಿಷನರಿ ಹರ್ಮನ್ ಮೋಗ್ಲಿಂಗ್ 1847ರಲ್ಲಿ ಮಂಗಳೂರಿನಲ್ಲಿ ಬೋಧಕರ ತರಬೇತಿ ಶಾಲೆ ತೆರೆದರು. ದಾಸರ ಪದಗಳನ್ನು ಅಚ್ಚು ಹಾಕಿಸಿದವರೂ ಅವರೇ. ಕಲಿಸಲು ಬಂದವರು ಮೊದಲು ಈ ನಾಡಿನ ಹಾಡಿಗೆ ಕಿವಿಗೊಟ್ಟರು. ಆ ಪರಂಪರೆ ಅದೇ ಊರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮುಂದುವರಿದಿದೆ.

ಆದರೆ ಭಾನುವಾರದ ಮಾತಿಗೆ ತೂಕ ಬರುವುದು ಉಳಿದ ಆರು ದಿನಗಳಿಂದ. ರೋಗಿಯ ಜೊತೆ ಆಸ್ಪತ್ರೆಗೆ ಹೋಗಬೇಕು, ಅಣ್ಣತಮ್ಮಂದಿರ ಜಮೀನಿನ ಜಗಳ ಬಿಡಿಸಬೇಕು. ಕಾಣಿಕೆಯ ಲೆಕ್ಕ ತಾನೇ ಇಟ್ಟುಕೊಳ್ಳದೆ ಸಭೆಯವರ ಕೈಗೇ ಕೊಟ್ಟು, ಎಲ್ಲರೆದುರು ಓದಿಸುವ ಪಾಸ್ಟರು ನನಗೆ ಇನ್ನೂ ಹೆಚ್ಚು ಇಷ್ಟ.