ಮಾತು ನಿಜ, ಆದರೆ ಯಾವ ಪ್ರಾಣಿಗೆ?

ಕಿನ್ನಾಳದ ಸುತ್ತ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಕುರಿ, ಆಡು ಸಾಕುವವರಿಗೆ ಸಲಹೆಯ ಬರವಿಲ್ಲ. ಹಿಂಡಿನ ಹಿರಿಯರು ಒಂದು ಹೇಳಿದರೆ ಔಷಧ ಅಂಗಡಿಯವರು ಇನ್ನೊಂದು ಹೇಳುತ್ತಾರೆ. ಇಲಾಖೆಯ ಕರಪತ್ರ ಒಂದು ಕಡೆ, ಮೊಬೈಲಿನ ವಿಡಿಯೊ ಮತ್ತೊಂದು ಕಡೆ. ಇವುಗಳಲ್ಲಿ ಯಾವುದನ್ನು ನಂಬಬೇಕು ಎಂಬ ಪ್ರಶ್ನೆ ಬಂದಾಗ ನಾವು ಸಾಮಾನ್ಯವಾಗಿ ಹೇಳಿದವರು ಯಾರು ಎಂದು ನೋಡುತ್ತೇವೆ, ಓದಿದವರೋ, ಅನುಭವಸ್ಥರೋ ಎಂದು ತೂಗುತ್ತೇವೆ. ಈ ತಕ್ಕಡಿ ಸಾಲದು. ಪ್ರಾಣಿಯ ಜೀವ ತೆಗೆಯುವ ಸಲಹೆ ಸುಳ್ಳೇ ಆಗಿರಬೇಕಿಲ್ಲ. ಅದು ಬೇರೊಂದು ಪ್ರಾಣಿಯ ಮಟ್ಟಿಗೆ ಅಪ್ಪಟ ನಿಜವಾಗಿರಬಹುದು.

ಜಂತಿನ ಔಷಧವನ್ನೇ ತೆಗೆದುಕೊಳ್ಳಿ. ಕುರಿ ಮತ್ತು ಆಡು ಒಂದೇ ಹಿಂಡಿನಲ್ಲಿ ಮೇಯುತ್ತವೆ, ಒಂದೇ ಬಾಟಲಿಯಿಂದ ಒಂದೇ ಅಳತೆಯಲ್ಲಿ ಔಷಧ ಕುಡಿಯುತ್ತವೆ. ಆದರೆ ಆಡಿನ ದೇಹ ಆಲ್ಬೆಂಡಜೋಲ್‌ನಂಥ ಔಷಧವನ್ನು ಕುರಿಗಿಂತ ಬೇಗ ಹೊರಹಾಕುತ್ತದೆ. ಕುರಿಯ ಅಳತೆ ಆಡಿಗೆ ಕಡಿಮೆ ಬೀಳುತ್ತದೆ, ಸಾಯದೆ ಉಳಿದ ಜಂತುಗಳು ಮುಂದೆ ಆ ಔಷಧಕ್ಕೆ ಬಗ್ಗುವುದಿಲ್ಲ. ಹಾಗಾದರೆ ಆಡಿಗೆ ಎರಡು ಪಟ್ಟು ಹಾಕೋಣ ಎಂದರೆ ಅದೂ ಎಲ್ಲ ಔಷಧಕ್ಕೆ ಸಲ್ಲದು. ಲೆವಮಿಸೋಲ್ ಅಳತೆ ಮೀರಿದರೆ ವಿಷ. ಗಬ್ಬವಾದ ಮೊದಲ ತಿಂಗಳಲ್ಲಿ ಕುರಿಗೆ ಆಲ್ಬೆಂಡಜೋಲ್ ಕೊಡಬಾರದು, ಹೊಟ್ಟೆಯ ಮರಿಗೆ ಊನ ತಟ್ಟಬಹುದು. ದನಗಳ ಖನಿಜ ಮಿಶ್ರಣ ಇನ್ನೂ ಮೋಸದ್ದು. ಅದರಲ್ಲಿನ ತಾಮ್ರ ಎಮ್ಮೆ, ಆಕಳಿಗೆ ಬೇಕು. ಕುರಿಯಲ್ಲಾದರೆ ಅದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಕೂಡಿಕೊಂಡು ಒಂದು ದಿನ ರಕ್ತಕ್ಕೆ ನುಗ್ಗುತ್ತದೆ: ಕಣ್ಣು ಹಳದಿ, ಉಚ್ಚೆ ಕಡುಗೆಂಪು, ಆಮೇಲೆ ಸಾವು. ಚೀಲದ ಮೇಲೆ ಬರೆದದ್ದೆಲ್ಲ ಸರಿಯೇ ಇತ್ತು, ತಿಂದ ಪ್ರಾಣಿ ಬೇರೆ. ಮನೆಯೊಳಗಿನ ಪ್ರಾಣಿಗೂ ಇದೇ ಗತಿ. ನಾಯಿಯ ಉಣ್ಣೆಗೆಂದು ತಂದ ಪರ್ಮೆತ್ರಿನ್ ಬೆಕ್ಕನ್ನು ಕೊಲ್ಲಬಲ್ಲದು; ಮನುಷ್ಯರ ಜ್ವರದ ಪ್ಯಾರಾಸಿಟಮಾಲ್ ಕೂಡ. ಪರದೇಶಗಳಲ್ಲಿ ಫೆರೆಟ್ ಎಂಬ, ನೀರುನಾಯಿಯ ಬಳಗದ ಸಣ್ಣ ಪ್ರಾಣಿಯನ್ನು ಮನೆಯಲ್ಲಿ ಸಾಕುತ್ತಾರೆ. ನಾಯಿಗಳ ಡಿಸ್ಟೆಂಪರ್ ಲಸಿಕೆಗಳಲ್ಲಿ ಕೆಲವು ಅದಕ್ಕೆ ಆ ರೋಗವನ್ನೇ ತಂದದ್ದುಂಟು.

ನಮ್ಮ ಹಿರಿಯರು ಇದ್ಯಾವುದನ್ನೂ ಓದದೆ ಹಿಂಡು ಕಾಯಲಿಲ್ಲವೇ ಎಂಬ ಆಕ್ಷೇಪ ಬರುತ್ತದೆ. ಕಾದರು. ಮೊದಲ ಮಳೆಯ ಎಳೆ ಹುಲ್ಲಿಗೆ ಹಿಂಡನ್ನು ಹಸಿದ ಹೊಟ್ಟೆಯಲ್ಲಿ ಬಿಡಬಾರದೆಂಬ ಅವರ ಎಚ್ಚರಿಕೆಯೂ, ಮುಂಗಾರಿಗೆ ಮೊದಲೇ ಕರುಳುಬೇನೆಗೆ ಲಸಿಕೆ ಹಾಕಿಸಿ ಎನ್ನುವ ಇಲಾಖೆಯ ಮಾತೂ ಒಂದೇ ರೋಗವನ್ನು ಎರಡು ಕಡೆಯಿಂದ ಹಿಡಿಯುತ್ತವೆ. ಮೇವು, ನಡಿಗೆ, ಕಣ್ಣಿನ ಬಣ್ಣ ನೋಡಿ ರೋಗದ ಸುಳಿವು ಹಿಡಿಯುವುದರಲ್ಲಿ ಕುರಿಗಾರರನ್ನು ಮೀರಿಸುವ ಕರಪತ್ರ ಇಲ್ಲ. ಆದರೆ ಬಾಟಲಿಯ ಔಷಧ ಅಜ್ಜನ ಕಾಲದ್ದಲ್ಲ, ಅದರ ಅಳತೆಗೆ ಅನುಭವದ ಸಾಕ್ಷಿ ಸಿಗದು. ಮನೆಮದ್ದೂ ಅಳತೆಗೆ ಸಿಕ್ಕಾಗ ಗಟ್ಟಿಯಾಗುತ್ತದೆ. ಚರ್ಮಗಂಟು ರೋಗ ಹಬ್ಬಿದಾಗ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡಿದ ಮದ್ದಿನಲ್ಲಿ ಒಂದು ಬಾರಿಗೆ 10 ವೀಳ್ಯದೆಲೆ, 10 ಗ್ರಾಂ ಮೆಣಸು, 10 ಗ್ರಾಂ ಉಪ್ಪು ಎಂದು ಎಣಿಸಿ ತೂಗಿ ಹೇಳಿತ್ತು. ಅದು ದನಗಳಿಗೆ ಎಂಬುದೂ ಸ್ಪಷ್ಟವಿತ್ತು.

ಇನ್ನೊಂದು ಆಕ್ಷೇಪ ಹೆಚ್ಚು ನ್ಯಾಯವಾದದ್ದು: ಪಶುವೈದ್ಯರು ದೂರ, ಹಿಂಡು ಅಡವಿಯಲ್ಲಿ, ಅಂಗಡಿಯವರ ಮಾತು ಕೇಳದೆ ಬೇರೆ ದಾರಿ ಏನಿದೆ? ಹೌದು, ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿದ ಕೂಡಲೆ ಚಿಕಿತ್ಸೆಯ ಗಾಡಿ ಎಲ್ಲೆಡೆ ಮುಟ್ಟೀತೆಂದು ಹೇಳಲಾಗದು. ವೈದ್ಯರು ಸಿಗದ ಕಡೆಯೇ ಸಲಹೆ ಇನ್ನಷ್ಟು ನಿಖರವಾಗಿರಬೇಕು, ತಪ್ಪನ್ನು ತಿದ್ದುವವರು ಅಲ್ಲಿ ಇಲ್ಲ. ಈ ದೃಷ್ಟಿಯಿಂದ ನೋಡಿದರೆ ಕರಪತ್ರ ಲಸಿಕೆಯ ವಿಷಯದಲ್ಲಿ ನೆಚ್ಚಬಹುದಾದದ್ದು, ಆದರೆ ‘ಕುರಿ ಮತ್ತು ಮೇಕೆ’ ಎಂದು ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿದರೆ ಅದೂ ಎಡವುತ್ತದೆ. ವಿಡಿಯೊದ ಭಾಷೆ ಮನಸ್ಸಿಗೆ ಮುಟ್ಟುತ್ತದೆ. ಅಳತೆ ಹೇಳುವಾಗ ‘ಒಂದು ಮುಚ್ಚಳ’ ಎಂದು ತೇಲಿಸಿದರೆ ಅದನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

ಕನ್ನಡದಲ್ಲಿ ಇಂಥ ಸಲಹೆ ಕೊಡುವ ಎಲ್ಲರಲ್ಲೂ ಒಂದು ಕೋರಿಕೆ. ಔಷಧದ ಹೆಸರಿನ ಜೊತೆಗೇ ಯಾವ ಪ್ರಾಣಿಗೆ, ಎಷ್ಟು ಕಿಲೋ ತೂಕಕ್ಕೆ, ಗಬ್ಬದ್ದಕ್ಕೆ ಕೊಡಬಹುದೇ, ಕೊಟ್ಟ ಮೇಲೆ ಹಾಲು, ಮಾಂಸ ಎಷ್ಟು ದಿನ ಬಳಸಬಾರದು ಎಂಬುದನ್ನೂ ಹೇಳಿ. ಹೇಳದವರನ್ನು, ಬಾಟಲಿ ಕೊಳ್ಳುವ ಮೊದಲು, ಓದುಗರಾದ ನೀವೇ ಕೇಳಿ.